ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಎಡಿಷನ್ ಬದಲಾದಾಗಲೆಲ್ಲ ಹಳಬರು ಏನು ಮಾಡಿದರು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಆಡುವ ಸಾಹಸದ ಕಥೆಯಾಟ. ಅದನ್ನು ಆಡುವವರನ್ನು 'ನಿಮ್ದು ಯಾವ ಎಡಿಷನ್?', ಅಂದರೆ ರೂಲ್ಸ್‌ನ ಯಾವ ಆವೃತ್ತಿ, ಅಂತ ಕೇಳಿ ನೋಡಿ, ನೇರ ಉತ್ತರ ಸಿಗೋದು ಕಷ್ಟ. 2024ರಲ್ಲಿ ರೂಲ್ಸ್ ಪುಸ್ತಕ ಮತ್ತೆ ಹೊಸದಾಗಿ ಬಂತು. ಆದರೆ ಅದಕ್ಕೆ ಆರನೇ ಎಡಿಷನ್ ಅನ್ನೋ ಹೆಸರಿಲ್ಲ. ಲೆಕ್ಕಕ್ಕೆ ಇನ್ನೂ ಐದನೆಯದೇ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಶುರು ಮಾಡಿದ ಆಟ ಇದು. 1989ರಲ್ಲಿ ಎರಡನೇ ಎಡಿಷನ್ ಬಂತು, 1997ರಲ್ಲಿ ಆಟ ಹೊರತರುತ್ತಿದ್ದ ಕಂಪನಿ ಕೈ ಬದಲಾಯಿತು, 2000ದಲ್ಲಿ ಮೂರನೆಯದು ಬಂತು. ಅಲ್ಲಿವರೆಗೆ ಪಾತ್ರದ ಕವಚದ ಅಂಕಿ ಕಡಿಮೆ ಇದ್ದಷ್ಟೂ ರಕ್ಷಣೆ ಜಾಸ್ತಿ. ಮೂರನೆಯದು ಅದನ್ನು ತಲೆಕೆಳಗು ಮಾಡಿತು: ಅಂಕಿ ಜಾಸ್ತಿ ಇದ್ದರೇ ಒಳ್ಳೆಯದು. ಹಳೇ ಪಾತ್ರಗಳನ್ನು ಹೊಸ ರೂಲ್ಸ್‌ಗೆ ಒಗ್ಗಿಸಲು ಒಂದು ಕೈಪಿಡಿಯನ್ನೂ ಪುಕ್ಕಟೆ ಕೊಟ್ಟರು. ಗೊಣಗಿದವರೂ ಹೆಚ್ಚಿನಂಶ ಒಳಗೆ ಬಂದರು.

ಅದೇ ವರ್ಷ ಇನ್ನೊಂದು ಕೆಲಸವಾಯಿತು. ಓಪನ್ ಗೇಮ್ ಲೈಸೆನ್ಸ್ ಅನ್ನೋ ಪರವಾನಗಿಯಡಿ ಮೂಲ ರೂಲ್ಸ್ ಬಳಸಿ ಯಾರು ಬೇಕಾದರೂ ಪುಸ್ತಕ ಮಾಡಿ ಮಾರಬಹುದಾಯಿತು. ಆಗ ಇದು ಬರೀ ವ್ಯಾಪಾರದ ವಿಷಯದಂತೆ ಕಂಡಿತ್ತು.

2003ರಲ್ಲಿ ಮೂರನೆಯದರ ತಿದ್ದಿದ ರೂಪ 3.5 ಬಂದಾಗ, ಮೂರೇ ವರ್ಷಕ್ಕೆ ಮತ್ತೆ ಪುಸ್ತಕ ಕೊಳ್ಳಬೇಕಲ್ಲ ಅಂತ ಗೊಣಗಾಟ ಇತ್ತು. ಆದರೂ ಕಪಾಟು ತುಂಬಿತು. ನಿಜವಾದ ಜಗಳ ಶುರುವಾದದ್ದು 2008ರಲ್ಲಿ, ನಾಲ್ಕನೆಯದು ಬಂದಾಗ. ಯೋಧ, ಮಾಂತ್ರಿಕ ಎಲ್ಲರ ಶಕ್ತಿಗಳಿಗೂ ಒಂದೇ ಅಚ್ಚು: ಕೆಲವು ಯಾವಾಗ ಬೇಕಾದರೂ, ಕೆಲವು ಕಾಳಗಕ್ಕೊಮ್ಮೆ, ಕೆಲವು ದಿನಕ್ಕೊಮ್ಮೆ. ಲೆಕ್ಕಾಚಾರ ಅಚ್ಚುಕಟ್ಟಾಗೇ ಇತ್ತು. ಚೌಕ ಗೆರೆ ಹಾಕಿದ ನಕ್ಷೆಯ ಮೇಲೆ ಆಡುವ ಕಾಳಗಕ್ಕೆ ಅಷ್ಟು ಚೆನ್ನಾಗಿ ಹೊಂದಿದ ಎಡಿಷನ್ ಮುಂಚೆ ಇರಲಿಲ್ಲ ಅನ್ನೋದನ್ನು ಈಗ ಅದರ ಟೀಕಾಕಾರರಲ್ಲೂ ಕೆಲವರು ಒಪ್ಪುತ್ತಾರೆ.

ಹಳಬರ ಸಂಕಟವೇ ಬೇರೆ. ವರ್ಷಗಟ್ಟಲೆ ಬೆಳೆಸಿದ ಪಾತ್ರವನ್ನು ಹೊಸ ರೂಲ್ಸ್‌ಗೆ ತರೋಕೆ ಸರಿಯಾದ ದಾರಿಯೇ ಇರಲಿಲ್ಲ. ಆಟದ ಕಥೆಗಳು ನಡೆಯುವ ಕಾಲ್ಪನಿಕ ಲೋಕಗಳಲ್ಲೊಂದಾದ ಫರ್ಗಾಟನ್ ರೆಲ್ಮ್ಸ್ ಜಗತ್ತಿನ ಕಥೆಯನ್ನು ಸುಮಾರು ನೂರು ವರ್ಷ ಮುಂದಕ್ಕೆ ಜಿಗಿಸಿದರು. ಆಟಗಾರರಿಗೆ ಪರಿಚಯವಿದ್ದ ಅದೆಷ್ಟೋ ಕಥಾಪಾತ್ರಗಳು ಆ ಜಿಗಿತದಲ್ಲೇ ಇಲ್ಲವಾದವು. ಮನೆಯಲ್ಲಿದ್ದ ಪುಸ್ತಕಗಳನ್ನು ಯಾರೂ ಕಿತ್ತುಕೊಳ್ಳಲಿಲ್ಲ ನಿಜ, ಆದರೆ ಅವಕ್ಕೆ ಹೊಸ ಸಾಹಸಗಳು ಬರೋದು ನಿಂತರೆ ಏನು ಸುಖ, ಅಲ್ವಾ?

ಆಗ ಕೈಹಿಡಿದದ್ದು 2000ದ ಅದೇ ಓಪನ್ ಗೇಮ್ ಲೈಸೆನ್ಸ್. ಅದನ್ನು ಬಳಸಿ ಪೈಜೋ ಕಂಪನಿ 3.5ರ ರೂಲ್ಸ್ ತಿದ್ದಿ, ಆಟಗಾರರಿಂದಲೇ ಪರೀಕ್ಷೆ ಮಾಡಿಸಿ, 2009ರಲ್ಲಿ ಪಾತ್‌ಫೈಂಡರ್ ಅನ್ನೋ ಆಟ ತಂದಿತು. ಹಳಬರ ದೊಡ್ಡ ಗುಂಪು ಅತ್ತ ಹೋಯಿತು. ಇನ್ನೂ ಹಿಂದಕ್ಕೆ ಹೋಗಬೇಕೆಂದವರು ಇದೇ ಪರವಾನಗಿಯಡಿ 1970ರ ದಶಕದ ರೂಲ್ಸ್ ಅನ್ನೇ ಮತ್ತೆ ಬರೆದುಕೊಂಡರು. ಹಾಗೆ ನಾಲ್ಕನೆಯದಕ್ಕೂ ಮುಂಚೆಯೇ, 2006ರಲ್ಲಿ ಬಂದದ್ದು ಆಸ್ರಿಕ್ ಅನ್ನೋ ರೂಲ್ಸ್ ಪುಸ್ತಕ. ಉಳಿದವರು ಬೇಕಾದ ರೂಲ್ ಇಟ್ಟುಕೊಂಡು ಬೇಡದ್ದನ್ನು ಬಿಟ್ಟರು. ಇದು ಮೊದಲಿಂದಲೂ ಪ್ರತಿ ಟೇಬಲ್‌ನಲ್ಲಿ ನಡೆಯುತ್ತಿದ್ದದ್ದೇ.

ಐದನೆಯದನ್ನು 2012ರಿಂದಲೇ ಆಟಗಾರರ ಕೈಗೆ ಕೊಟ್ಟು, ಅಭಿಪ್ರಾಯ ಕೇಳಿ, 2014ರಲ್ಲಿ ತಂದರು. ಬಿಟ್ಟುಹೋದವರಲ್ಲಿ ಅನೇಕರು ವಾಪಸ್ ಬಂದರು. 2023ರ ಜನವರಿಯಲ್ಲಿ ಹಳೇ ಪರವಾನಗಿಯನ್ನೇ ಬದಲಿಸುವ ಕರಡು ಹೊರಬಿದ್ದಾಗ ಎದ್ದ ಗದ್ದಲಕ್ಕೆ, ಅದೇ ತಿಂಗಳ ಕೊನೆಗೆ ಮೂಲ ರೂಲ್ಸ್ ಅನ್ನು ಕ್ರಿಯೇಟಿವ್ ಕಾಮನ್ಸ್ ಅನ್ನೋ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟರು.

ಈಗಿನ ತಕರಾರು ಕಾಗದದ್ದಲ್ಲ, ಪರದೆಯದ್ದು. 2024ರ ಆಗಸ್ಟ್‌ನಲ್ಲಿ ಆಟದ ಪುಸ್ತಕ, ಪಾತ್ರಗಳನ್ನೆಲ್ಲ ಪರದೆಯಲ್ಲೇ ಇಟ್ಟುಕೊಳ್ಳುವ ಡಿ ಅಂಡ್ ಡಿ ಬಿಯಾಂಡ್ ಆ್ಯಪ್‌ನ ಪಾತ್ರಪಟ್ಟಿಗಳಲ್ಲಿ ಹಳೇ ಮಂತ್ರಗಳ ಜಾಗಕ್ಕೆ ಹೊಸವನ್ನು ಹಾಕ್ತೀವಿ ಅಂದರು. ದುಡ್ಡು ಕೊಟ್ಟು ಕೊಂಡಿದ್ದವರು ಸಿಟ್ಟಾದರು, ಕೆಲವೇ ದಿನದಲ್ಲಿ ನಿರ್ಧಾರ ಹಿಂದಕ್ಕೆ ಹೋಯಿತು. ಹಳೇ ಮಂತ್ರಗಳು ಉಳಿದಿವೆ, 'ಲೆಗಸಿ', ಅಂದರೆ ಹಳೆಯದು ಅನ್ನೋ ಚೀಟಿ ಅಂಟಿಸಿಕೊಂಡು.