ಸುಮೇಲಾ: ಮಠದ ಹಿಂದಿರುವ ಗುಹೆಯ ಕತೆ

ಟರ್ಕಿಯಲ್ಲಿರುವ ಸುಮೇಲಾ ಎಂಬ ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತ ಮಠದ ಫೋಟೊದಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಂಡೆಗೆ ಅಂಟಿಕೊಂಡ ಉದ್ದನೆಯ ಕಟ್ಟಡ. ಸಾಲು ಸಾಲು ಕಿಟಕಿ, ಕೆಳಗೆ ಕಾಡು ತುಂಬಿದ ಕಣಿವೆ. ಆ ಕಟ್ಟಡ 19ನೇ ಶತಮಾನದ್ದು. ಮಠ ಹುಟ್ಟಿದ್ದು ಒಳಗಿನ ಗುಹೆಯಲ್ಲಿ.

ಟ್ರಾಬ್ಜಾನ್ ನಗರದ ದಕ್ಷಿಣಕ್ಕೆ, ಸುಮಾರು 1,200 ಮೀಟರ್ ಎತ್ತರದಲ್ಲಿ ಇದೆ ಈ ಜಾಗ. ಅಥೆನ್ಸಿನ ಬರ್ನಬಾಸ್ ಮತ್ತು ಸೊಫ್ರೊನಿಯೋಸ್ ಎಂಬ ಸನ್ಯಾಸಿಗಳು 4ನೇ ಶತಮಾನದ ಕೊನೆಗೆ ಇಲ್ಲಿ ಬಂದು ನೆಲೆಸಿದರು ಎಂಬುದು ಪ್ರತೀತಿ. ಗುಹೆಯಲ್ಲಿ ಅವರಿಗೆ ಮೇರಿ ಮಾತೆಯ ಚಿತ್ರಪಟ ಸಿಕ್ಕಿತಂತೆ. ಇತಿಹಾಸದಲ್ಲಿ ಗಟ್ಟಿಯಾಗಿ ಕಾಣುವುದು 14ನೇ ಶತಮಾನ. ಟ್ರಾಬ್ಜಾನ್ ಆಗ ಟ್ರೆಬಿಜಾಂಡ್ ಎಂಬ ಗ್ರೀಕ್ ರಾಜ್ಯದ ರಾಜಧಾನಿ. 1349ರಿಂದ 1390ರವರೆಗೆ ಅದನ್ನು ಆಳಿದ ಮೂರನೇ ಅಲೆಕ್ಸಿಯೋಸ್ ಮಠವನ್ನು ದೊಡ್ಡದು ಮಾಡಿ, ಜಮೀನನ್ನೂ ಬಿಟ್ಟುಕೊಟ್ಟ. 1461ರಲ್ಲಿ ರಾಜ್ಯ ಒಟ್ಟೋಮನ್ನರ ಪಾಲಾಯಿತು. ಸುಲ್ತಾನರು ಮಠದ ಹಕ್ಕುಗಳನ್ನು ಹಾಗೇ ಉಳಿಸಿದರು.

ಕಟ್ಟಿದ ರೀತಿ ನೋಡಿ. ಗುಹೆಯ ಬಾಯಿಗೆ ಗೋಡೆ ಎಬ್ಬಿಸಿದರು, ಅಷ್ಟೇ. ಅದೇ ಚರ್ಚ್ ಆಯಿತು. ಬೇರೆ ಚಾವಣಿ ಬೇಕಾಗಲಿಲ್ಲ, ತಲೆಯ ಮೇಲೆ ಬಂಡೆಯೇ ಇತ್ತು. ಪೂಜಾಪೀಠದ ಅರ್ಧವೃತ್ತದ ಭಾಗ ಮಾತ್ರ ಗುಹೆಯಿಂದ ಹೊರಗೆ ಚಾಚಿಕೊಂಡಿದೆ. ಒಳಗೂ ಹೊರಗೂ ಭಿತ್ತಿಚಿತ್ರಗಳು. ಹೆಚ್ಚಿನವು 18ನೇ ಶತಮಾನದವು. ಗಾರೆ ಉದುರಿದ ಕಡೆ ಅಡಿಯಿಂದ ಇನ್ನೊಂದು ಪದರ, ಹಳೆಯ ಚಿತ್ರ ಇಣುಕುತ್ತದೆ. ಕೈಗೆಟಕುವ ಎತ್ತರದಲ್ಲಂತೂ ಸಂತರ ಕಣ್ಣು ಕೆದಕಿದ್ದಾರೆ, ಮೈಮೇಲೆಲ್ಲ ಜನ ತಮ್ಮ ಹೆಸರು ಗೀಚಿದ್ದಾರೆ. ಕರುಳು ಹಿಂಡುತ್ತದೆ.

ಇನ್ನು ನೀರು. ನೀರಿಲ್ಲದೆ ಬಂಡೆಯ ಮೇಲೆ ಬದುಕು ಹೇಗೆ, ಅಲ್ವಾ? ಅದಕ್ಕೇ ಬಾಗಿಲ ಪಕ್ಕದಲ್ಲೇ ಕಮಾನುಗಳ ಮೇಲೆ ನೀರಿನ ಕಾಲುವೆ ಇದೆ. ಒಳಗೆ ಹೋಗಲು ಕಡಿದಾದ ಮೆಟ್ಟಿಲ ಸಾಲು ಒಂದೇ ದಾರಿ. ಕಾವಲಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿರಲಿಲ್ಲ.

ಇಷ್ಟೆಲ್ಲ ತಾಳಿಕೊಂಡ ಮಠ ಖಾಲಿಯಾಗಿದ್ದು ಒಂದು ಒಪ್ಪಂದದಿಂದ. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ತಮ್ಮ ಜನರನ್ನು ಧರ್ಮದ ಆಧಾರದಲ್ಲಿ ಅದಲುಬದಲು ಮಾಡಿಕೊಂಡವು: ಟರ್ಕಿಯ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿಗೆ, ಗ್ರೀಸಿನ ಮುಸ್ಲಿಮರು ಟರ್ಕಿಗೆ. ತಲೆಮಾರುಗಳಿಂದ ಇದ್ದ ಊರನ್ನು ಜನ ಬಿಟ್ಟು ಹೋದರು. ಸನ್ಯಾಸಿಗಳು ಮೇರಿ ಮಾತೆಯ ಚಿತ್ರಪಟವನ್ನು ಹತ್ತಿರದ ಪ್ರಾರ್ಥನಾಲಯದಲ್ಲಿ ಹೂತಿಟ್ಟಿದ್ದರು. 1930ರ ದಶಕದ ಆರಂಭದಲ್ಲಿ ಅದನ್ನು ಅಗೆದು ಗ್ರೀಸಿಗೆ ಒಯ್ದರು. ಅಲ್ಲಿನ ವರ್ಮಿಯೊ ಬೆಟ್ಟದಲ್ಲಿ ಅದಕ್ಕೆಂದೇ ಹೊಸ ಸುಮೇಲಾ ಎದ್ದಿತು.

ಹಳೆಯ ಗುಹೆಯಲ್ಲಿ ಮತ್ತೆ ಪೂಜೆ ನಡೆದದ್ದು 2010ರ ಆಗಸ್ಟ್ 15ರಂದು. ನಡೆಸಿಕೊಟ್ಟವರು ಇಸ್ತಾಂಬುಲ್‌ನಲ್ಲಿರುವ ಆರ್ಥೊಡಾಕ್ಸ್ ಕ್ರೈಸ್ತರ ಹಿರಿಯ ಧರ್ಮಗುರು, ಪೇಟ್ರಿಯಾರ್ಕ್ ಬಾರ್ತಲೊಮ್ಯೂ. ಬಂಡೆ ಉರುಳುವ ಭಯದಿಂದ 2015ರಲ್ಲಿ ಮಠ ಮುಚ್ಚಿತು. ಹಗ್ಗ ಕಟ್ಟಿಕೊಂಡು ಇಳಿದ ಕೆಲಸಗಾರರು ಸಡಿಲ ಬಂಡೆಗಳನ್ನು ತೆಗೆದು, ಉಕ್ಕಿನ ಬಲೆ ಬಿಗಿದರು. 2019ರಿಂದ ಹಂತಹಂತವಾಗಿ ಬಾಗಿಲು ತೆರೆಯಿತು. ಈಗ ಅದು ಮ್ಯೂಸಿಯಂ. ಪೂಜೆಗೆ ಸರ್ಕಾರದ ಅನುಮತಿ ಬೇಕು.