ಬೋಲ್ಟ್ ಹೋದರೆ ಹೋಗಲಿ, ತೂತು ಉಳಿಯಲಿ

ಮರ ನಯ ಮಾಡುವ ಹಳೆಯ ಪ್ಲೇನರ್ ಮೆಷಿನ್ ಒಂದರ ಟೇಬಲ್ ಬೋಲ್ಟನ್ನು ಬಿಗಿ ಮಾಡುತ್ತಿದ್ದೀರಿ. ಸ್ಪ್ಯಾನರ್‌ಗೆ ಹಿಡಿತ ಸಿಗುತ್ತಾ ಬಂದು, ಇದ್ದಕ್ಕಿದ್ದಂತೆ ಸಡಿಲ. ಆಮೇಲೆ ಎಷ್ಟು ತಿರುಗಿಸಿದರೂ ಬೋಲ್ಟ್ ಸುಮ್ನೆ ಸುತ್ತುತ್ತದೆ. ಬಿಚ್ಚಿ ನೋಡಿದರೆ ಬೋಲ್ಟಿನ ಥ್ರೆಡ್ ಚೆನ್ನಾಗಿಯೇ ಇದೆ. ಆದರೆ ಅದರ ಸಂದಿಗಳಲ್ಲಿ ಕಪ್ಪು ಪುಡಿ ಮೆತ್ತಿಕೊಂಡಿದೆ. ಉಜ್ಜಿದರೆ ಪೆನ್ಸಿಲ್ ಸೀಸದ ಹಾಗೆ ಬೆರಳಿಗೆ ಹತ್ತುತ್ತದೆ. ಅದು ಬೋಲ್ಟಿನ ಪುಡಿಯಲ್ಲ, ತೂತಿನೊಳಗಿನ ಥ್ರೆಡ್ಡೇ ಉದುರಿ ಬಂದಿದೆ.

ಪೆನ್ಸಿಲ್ ಸೀಸದಲ್ಲೂ ಇಲ್ಲೂ ಇರುವುದು ಗ್ರಾಫೈಟ್. ಹಳೆಯ ಮರಗೆಲಸದ ಮೆಷಿನ್‌ಗಳ ಮೈ ಬಹುತೇಕ ಬೀಡು ಕಬ್ಬಿಣದ್ದು. ಅದರೊಳಗೆ ಗ್ರಾಫೈಟ್ ಸಣ್ಣ ಚಕ್ಕೆಗಳಾಗಿ ಹರಡಿಕೊಂಡಿರುತ್ತದೆ. ಈ ಚಕ್ಕೆಗಳಿಂದಾಗಿ ಮೆಷಿನ್ ಅದುರುವುದು ಕಡಿಮೆ. ಆದರೆ ಜಾಸ್ತಿ ಎಳೆದರೆ ಬಿರುಕು ಶುರುವಾಗುವುದೂ ಅದೇ ಚಕ್ಕೆಗಳ ಅಂಚಿನಿಂದ. ಉಕ್ಕಾದರೆ ಮೊದಲು ಬಾಗುತ್ತದೆ. ಬೀಡು ಕಬ್ಬಿಣ ಉದುರಿಯೇ ಬಿಡುತ್ತದೆ.

ಬಿಗಿ ಮಾಡಿದ ಬೋಲ್ಟ್ ಚೂರೇ ಚೂರು ಉದ್ದವಾಗಿ, ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಎಳೆಯುತ್ತಿರುತ್ತದೆ. ಆ ಎಳೆತವನ್ನು ಥ್ರೆಡ್ಡಿನ ಎಲ್ಲಾ ಸುತ್ತುಗಳೂ ಸಮನಾಗಿ ಹೊರುತ್ತವೆ ಅಂತ ಅನಿಸುತ್ತದೆ ಅಲ್ವಾ? ಹಾಗಿಲ್ಲ. ತೂತಿನ ಬಾಯಿಯ ಹತ್ತಿರದ ಮೊದಲ ಸುತ್ತೊಂದೇ ಸುಮಾರು ಮೂರನೇ ಒಂದು ಭಾಗ ಹೊರುತ್ತದೆ. ಅದು ಉದುರಿದರೆ ಭಾರ ಎರಡನೆಯದರ ಮೇಲೆ, ಆಮೇಲೆ ಮೂರನೆಯದರ ಮೇಲೆ. ಹಾಗಾಗಿ ಮೊದಲು ತೂತಿನ ಆಳ ನೋಡಿ. ತಳದಲ್ಲಿ ಒಳ್ಳೆಯ ಥ್ರೆಡ್ ಉಳಿದಿದ್ದರೆ ಉದ್ದದ ಬೋಲ್ಟ್ ಹಾಕಿದರೂ ಕೆಲಸ ಮುಗಿಯಬಹುದು. ಬೀಡು ಕಬ್ಬಿಣದಲ್ಲಿ ಬೋಲ್ಟಿನ ದಪ್ಪದ ಒಂದೂವರೆಯಷ್ಟು ಉದ್ದ ಒಳಗೆ ಕಚ್ಚಿರಬೇಕು. 8 ಮಿ.ಮೀ. ಬೋಲ್ಟಿಗೆ 12 ಮಿ.ಮೀ. ತುದಿ ಮಾತ್ರ ತಳಕ್ಕೆ ತಾಗಬಾರದು.

ಹೊಸ ಬೋಲ್ಟ್ ತರುವ ಮುಂಚೆ ಥ್ರೆಡ್ ಯಾವುದು ಅಂತ ಥ್ರೆಡ್ ಅಳೆಯುವ ಗೇಜ್ ಇಟ್ಟು ಗುರುತು ಹಿಡಿಯಿರಿ. ಹಳೆಯ ಮೆಷಿನ್‌ಗಳಲ್ಲಿ ಎಡವುವುದು ಇಲ್ಲೇ. ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ 55 ಡಿಗ್ರಿ ಕೋನದ ಥ್ರೆಡ್ ಮುಂದಿಟ್ಟರು. ಅಮೆರಿಕದ ವಿಲಿಯಂ ಸೆಲ್ಲರ್ಸ್ 1864ರಲ್ಲಿ ಹೇಳಿದ್ದು 60 ಡಿಗ್ರಿ. ಅರ್ಧ ಇಂಚಿನ ಬ್ರಿಟಿಷ್ ಬೋಲ್ಟಿಗೆ ಇಂಚಿಗೆ 12 ಸುತ್ತು, ಅಮೆರಿಕದ್ದಕ್ಕೆ 13. ಕಣ್ಣಿಗೆ ಎರಡೂ ಒಂದೇ. ತಪ್ಪಿದ್ದು ಹಾಕಿದರೂ ಎರಡು ಮೂರು ಸುತ್ತು ಒಳಗೆ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ತುಕ್ಕು ಇರಬೇಕು ಅಂತ ಬಲ ಹಾಕಿದರೆ ಚೆನ್ನಾಗಿದ್ದ ಥ್ರೆಡ್ಡೂ ಹೋಯಿತು.

ಪೂರ್ತಿ ಹಾಳಾದ ತೂತನ್ನು ದೊಡ್ಡದು ಮಾಡಿ ದಪ್ಪ ಬೋಲ್ಟ್ ಹಾಕುವವರು ಬಹಳ. ನನಗೆ ಅದು ಇಷ್ಟವಿಲ್ಲ. ಎದುರಿನ ಭಾಗದ ತೂತನ್ನೂ ಕೊರೆಯಬೇಕಾಗುತ್ತದೆ, ಸುತ್ತಲಿನ ಗೋಡೆ ತೆಳುವಾಗುತ್ತದೆ. ಅದಕ್ಕಿಂತ ಸ್ಟೇನ್‌ಲೆಸ್ ತಂತಿಯ ಸುರುಳಿ ಕೂರಿಸುವುದು ಒಳ್ಳೆಯದು. 8 ಮಿ.ಮೀ. ಬೋಲ್ಟಿಗಾದರೆ 8.3 ಮಿ.ಮೀ. ಆಸುಪಾಸಿನ ಡ್ರಿಲ್ ಬಿಟ್‌ನಲ್ಲಿ ಕೊರೆದು, ಸುರುಳಿಗೆಂದೇ ಬರುವ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹಾಕಬೇಕು. ಬೀಡು ಕಬ್ಬಿಣಕ್ಕೆ ಎಣ್ಣೆ ಬೇಡ, ಗ್ರಾಫೈಟೇ ಜಾರಿಕೆ ಕೊಡುತ್ತದೆ. ಟ್ಯಾಪ್ ನೆಟ್ಟಗೆ ನಿಲ್ಲಬೇಕು, ಆಗಾಗ ಹಿಂದಕ್ಕೆ ತಿರುಗಿಸಿ ಪುಡಿ ತೆಗೆಯುತ್ತಿರಬೇಕು.

ಸುರುಳಿ ತೂತಿಗಿಂತ ಸ್ವಲ್ಪ ದಪ್ಪಗಿರುತ್ತದೆ. ಕೂರಿಸುವಾಗ ಕುಗ್ಗಿ, ಒಳಗೆ ಹೋದ ಮೇಲೆ ಅಗಲಿಸಿಕೊಂಡು ಗೋಡೆಗೆ ಒತ್ತಿ ನಿಲ್ಲುತ್ತದೆ. ಈಗ ಬೋಲ್ಟ್ ಕಚ್ಚುವುದು ಸ್ಟೀಲನ್ನು. ಬೀಡು ಕಬ್ಬಿಣದ ಮೇಲಿನ ಭಾರ ಮೊದಲಿಗಿಂತ ಅಗಲವಾದ ಥ್ರೆಡ್ಡಿಗೆ ಹಂಚಿಹೋಗುತ್ತದೆ. ಪದೇ ಪದೇ ಬಿಚ್ಚಿ ಹಾಕುವ ಜಾಗಕ್ಕೆ ಇದು ಮೊದಲಿದ್ದದ್ದಕ್ಕಿಂತ ಗಟ್ಟಿ.

ಬ್ಲೇಡ್ ಹಿಡಿಯುವ ಬೋಲ್ಟುಗಳ ವಿಷಯ ಬೇರೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಕಟರ್‌ನಲ್ಲಿ ಥ್ರೆಡ್ ಹೋಗಿದ್ದರೆ ರಿಪೇರಿ ಬೇಡ, ಆ ಭಾಗವನ್ನೇ ಬದಲಿಸಿ.

ಸುರುಳಿಯ ತಲೆ ಮೇಲ್ಮೈಗಿಂತ ಕಾಲು ಸುತ್ತಾದರೂ ಕೆಳಗಿರಲಿ. ಸುರುಳಿಯ ತಳದಲ್ಲಿ ಅಡ್ಡಕ್ಕೆ ಬಾಗಿರುವ ತಂತಿಯ ನಾಲಿಗೆಯನ್ನು ಪಂಚ್ ಇಟ್ಟು ಮೆಲ್ಲಗೆ ಹೊಡೆದು ಮುರಿಯಿರಿ, ಮುರಿದ ಚೂರನ್ನು ಮರೆಯದೆ ಹೊರಗೆ ತೆಗೆಯಿರಿ. ಆಮೇಲೆ ಬೋಲ್ಟ್ ಹಾಕಿ. ಕೊನೆಯ ಸುತ್ತಿನವರೆಗೂ ಅದು ಬರಿಗೈಯಲ್ಲೇ ಇಳಿಯಬೇಕು.