ಹತ್ತನೇ ಒಂದು ಪರದೆಯಲ್ಲಿ ಮಾರಿಯೊ: ಕ್ಯಾಲ್ಕ್ಯುಲೇಟರಿಗೆ ಹಳೆಯ ವಿಡಿಯೋ ಗೇಮ್‌ಗಳು ಬಂದ ಕಥೆ

ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಲ್ಲಿ ಟಿವಿಗೆ ವೈರು ಜೋಡಿಸಿ, ‘ಕ್ಯಾಸೆಟ್’ ಸಿಕ್ಕಿಸಿ ಆಡುತ್ತಿದ್ದ ಮಾರಿಯೊ ಮೂಲದಲ್ಲಿ ನಿಂಟೆಂಡೊ ಕಂಪನಿಯ ಎನ್‌ಇಎಸ್ ಕನ್ಸೋಲಿನ ಆಟ. ಆ ಕನ್ಸೋಲಿನ ಚಿತ್ರ 256 ಪಿಕ್ಸೆಲ್ ಅಗಲ, 240 ಪಿಕ್ಸೆಲ್ ಎತ್ತರ. ಒಟ್ಟು 61,440 ಚುಕ್ಕೆಗಳು. ಅದೇ ದಶಕದ ಕೊನೆಯಲ್ಲಿ ಅಮೆರಿಕದ ಹೈಸ್ಕೂಲ್ ಮಕ್ಕಳ ಬ್ಯಾಗು ಸೇರಿದ ಟಿಐ-83 ಪ್ಲಸ್ ಕ್ಯಾಲ್ಕ್ಯುಲೇಟರಿನ ಪರದೆಯಲ್ಲಿ ಇದ್ದದ್ದು 96 × 64, ಅಂದರೆ 6,144 ಚುಕ್ಕೆ. ಸರಿಯಾಗಿ ಹತ್ತನೇ ಒಂದು ಭಾಗ. ಬಣ್ಣವಿಲ್ಲ, ಸ್ಪೀಕರ್ ಇಲ್ಲ, ಆಟಕ್ಕೆಂದು ಮಾಡಿದ ಒಂದು ಬಟನ್ನೂ ಇಲ್ಲ. ಅಷ್ಟು ಜಾಗದೊಳಗೆ ಟೆಟ್ರಿಸ್ ಬೀಳಿಸಿದರು, ಮಾರಿಯೊನನ್ನು ಓಡಿಸಿದರು. ಈ ಕೆಲಸ ಮಾಡಿದವರಲ್ಲಿ ಬಹಳಷ್ಟು ಜನ ಅದೇ ಕ್ಯಾಲ್ಕ್ಯುಲೇಟರ್ ಹಿಡಿದು ಗಣಿತದ ಕ್ಲಾಸಿಗೆ ಹೋಗುತ್ತಿದ್ದ ವಿದ್ಯಾರ್ಥಿಗಳು.

ನಮ್ಮಲ್ಲಿ ಗ್ರಾಫಿಂಗ್ ಕ್ಯಾಲ್ಕ್ಯುಲೇಟರನ್ನು ಕಣ್ಣಾರೆ ಕಂಡವರು ಕಡಿಮೆ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಕೈಲೆಕ್ಕವೇ ಗತಿ. ಎಂಜಿನಿಯರಿಂಗ್ ಸೇರಿದ ಮೇಲೆ ಕ್ಯಾಸಿಯೊ ಕಂಪನಿಯ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ಸಾಕಾಗುತ್ತದೆ. ಸಮೀಕರಣ ಕೊಟ್ಟರೆ ಅದರ ವಕ್ರರೇಖೆಯನ್ನು ಪರದೆಯ ಮೇಲೆ ಬಿಡಿಸಿ ತೋರಿಸುವ ಮೊದಲ ಕ್ಯಾಲ್ಕ್ಯುಲೇಟರನ್ನು 1985ರಲ್ಲಿ ತಂದದ್ದೂ ಕ್ಯಾಸಿಯೊ ಕಂಪನಿಯೇ. ಆದರೆ ಅಮೆರಿಕದ ಶಾಲೆಗಳನ್ನು ಗೆದ್ದದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಅಂದರೆ ಅದೇ 1985ರಲ್ಲಿ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕಚೇರಿ ತೆರೆದ ಟಿಐ. ಅದರ ಮೊದಲ ಗ್ರಾಫಿಂಗ್ ಮಾದರಿ ಟಿಐ-81 ಬಂದದ್ದು 1990ರಲ್ಲಿ. 1994ರಲ್ಲಿ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಗೆ ಕ್ಯಾಲ್ಕ್ಯುಲೇಟರ್ ಒಯ್ಯಲು ಅನುಮತಿ ಸಿಕ್ಕಿತು. ಮರುವರ್ಷ, ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಗಣಿತಕ್ಕೆ ಬರೆಯುವ ಎಪಿ ಕ್ಯಾಲ್ಕುಲಸ್ ಪರೀಕ್ಷೆಗೆ ಗ್ರಾಫಿಂಗ್ ಕ್ಯಾಲ್ಕ್ಯುಲೇಟರ್ ಬೇಕೇ ಬೇಕು ಎಂದಾಯಿತು. ಶಾಲೆಯೊಳಗೆ ಆಟದ ಸಾಧನ ತರುವಂತಿರಲಿಲ್ಲ. ಪ್ರೊಸೆಸರ್, ಮೆಮೊರಿ, ಪರದೆ ಮೂರೂ ಇರುವ ಈ ಯಂತ್ರವನ್ನು ಮಾತ್ರ ಶಾಲೆಯೇ ತರಿಸುತ್ತಿತ್ತು. ಮುಂದೆ ನಡೆದ ಎಲ್ಲದರ ಹಿಂದೆ ಈ ಪರೀಕ್ಷೆಗಳಿವೆ.

ಮೊದಲು ಬಂದದ್ದು ಕ್ಯಾಲ್ಕ್ಯುಲೇಟರಿನದೇ ಬೇಸಿಕ್ ಭಾಷೆಯಲ್ಲಿ ಬರೆದ ಆಟಗಳು. ಆ ಭಾಷೆಯಲ್ಲಿ ಬರೆದ ಒಂದೊಂದು ಸಾಲನ್ನೂ ಯಂತ್ರ ಓದಿ, ಅರ್ಥ ಮಾಡಿಕೊಂಡು, ಆಮೇಲೆ ನಡೆಸುತ್ತದೆ. ಪದಗಳ ಆಟಕ್ಕೆ, ವ್ಯಾಪಾರದ ಆಟಕ್ಕೆ ಇಷ್ಟು ಸಾಕು. ಮಾರಿಯೊ ಜಿಗಿಯುವುದಕ್ಕೆ ಸಾಲದು. ಅದಕ್ಕೆ ಪ್ರೊಸೆಸರಿಗೆ ನೇರವಾಗಿ ಆಜ್ಞೆ ಕೊಡುವ ಅಸೆಂಬ್ಲಿ ಬೇಕು, ಟಿಐ ಆ ದಾರಿಯನ್ನು ತೆರೆದಿರಲಿಲ್ಲ. 1992ರ ಟಿಐ-85ರಲ್ಲಿ ಕೇಬಲ್ ಜೋಡಿಸುವ ಪೋರ್ಟ್ ಇತ್ತು, ಮೆಮೊರಿಯ ಪೂರ್ತಿ ಬ್ಯಾಕಪ್ಪನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದಿತ್ತು. ಹವ್ಯಾಸಿಗಳು ಆ ಬ್ಯಾಕಪ್ ಫೈಲನ್ನು ತಿದ್ದಿದರು. ‘ಕಸ್ಟಮ್’ ಮೆನುವಿನ ಒಂದು ಆಯ್ಕೆ ತಮ್ಮ ಕೋಡ್ ಇರುವ ವಿಳಾಸಕ್ಕೆ ಹಾರುವಂತೆ ಮಾಡಿ, ಅದನ್ನು ಕ್ಯಾಲ್ಕ್ಯುಲೇಟರಿಗೆ ವಾಪಸ್ ತುಂಬಿದರು. ಹೀಗೆ ಹುಟ್ಟಿದ ಝಡ್‌ಶೆಲ್ ಎಂಬ, ಅಸೆಂಬ್ಲಿ ಆಟಗಳನ್ನು ನಡೆಸುವ ಪ್ರೋಗ್ರಾಮ್ ಉಳಿದೆಲ್ಲಕ್ಕೂ ಬಾಗಿಲು ತೆರೆಯಿತು. ಕೇಬಲ್ ಕೊಳ್ಳಲಾಗದವರು ತಾವೇ ವೈರು ಬೆಸೆದುಕೊಂಡರು.

ಟಿಐ ಆಗ ಜಗಳಕ್ಕೆ ನಿಲ್ಲಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 1996ರ ಟಿಐ-83ರಲ್ಲಿ ಅಸೆಂಬ್ಲಿ ನಡೆಸುವ ಆಜ್ಞೆಯನ್ನು ಕಂಪನಿಯೇ ಒಳಗಿಟ್ಟಿತು, 1999ರ ಟಿಐ-83 ಪ್ಲಸ್‌ನಲ್ಲಿ ಅದನ್ನು ಬಹಿರಂಗವಾಗಿಯೇ ಕೊಟ್ಟಿತು. ಮುಂದಿನ ಇಪ್ಪತ್ತು ವರ್ಷ ಸಾವಿರಾರು ಹುಡುಗರು ಹುಡುಗಿಯರು ಅಸೆಂಬ್ಲಿ ಎಂದರೇನೆಂದು ಕಲಿತದ್ದು ಈ ಉದಾರತೆಯಿಂದ.

ದಾರಿ ಸಿಕ್ಕಿತು, ಆಟವನ್ನು ಅದರೊಳಗೆ ಇಳಿಸುವುದು ಹೇಗೆ? ಟಿಐ-83 ಪ್ಲಸ್‌ನ ಝಡ್80 ಪ್ರೊಸೆಸರ್ 6 ಮೆಗಾಹರ್ಟ್ಸ್ ವೇಗದ್ದು, ಎನ್‌ಇಎಸ್ ಪ್ರೊಸೆಸರಿನದು 1.8 ಕೂಡ ಮುಟ್ಟುವುದಿಲ್ಲ. ಕಾಗದದ ಮೇಲೆ ಕ್ಯಾಲ್ಕ್ಯುಲೇಟರೇ ಬಲಶಾಲಿ. ಆದರೆ ಎನ್‌ಇಎಸ್‌ನಲ್ಲಿ ಚಿತ್ರಕ್ಕೆಂದೇ ಬೇರೊಂದು ಚಿಪ್ ಇತ್ತು. ಹಿನ್ನೆಲೆಯನ್ನು 8 × 8ರ ಟೈಲುಗಳಲ್ಲಿ ಜೋಡಿಸುವುದು, ಅದನ್ನು ಪಕ್ಕಕ್ಕೆ ಸರಿಸುವುದು, ಓಡಾಡುವ 64 ಸ್ಪ್ರೈಟುಗಳನ್ನು (ಪಾತ್ರಗಳ ಚಿಕ್ಕ ಚಿತ್ರಗಳನ್ನು) ಅದರ ಮೇಲೆ ಕೂರಿಸುವುದು ಎಲ್ಲ ಆ ಚಿಪ್ಪಿನ ಪಾಲು. ಪ್ರೊಸೆಸರ್ ‘ಎರಡು ಪಿಕ್ಸೆಲ್ ಸರಿ’ ಎಂದರೆ ಮುಗಿಯಿತು. ಕ್ಯಾಲ್ಕ್ಯುಲೇಟರಿನಲ್ಲಿ ಅಂಥ ಸಹಾಯಕನಿಲ್ಲ. ಒಂದು ಬೈಟಿನಲ್ಲಿ ಎಂಟು ಚುಕ್ಕೆ ಕೂತಿರುವುದರಿಂದ, ಮಾರಿಯೊ ಮೂರು ಚುಕ್ಕೆ ಮುಂದೆ ಹೋದರೆ ಅವನ ಚಿತ್ರದ ಪ್ರತಿ ಸಾಲನ್ನೂ ಮೂರು ಬಿಟ್ ತಳ್ಳಿ, ಅಕ್ಕಪಕ್ಕದ ಎರಡು ಬೈಟುಗಳಿಗೆ ಹಂಚಿ ಬರೆಯಬೇಕು. ಹೀಗೆ ತಯಾರಾದ 768 ಬೈಟುಗಳ ಚಿತ್ರವನ್ನು ಪರದೆಗೆ ಕಳಿಸಬೇಕು. ಪರದೆ ನಡೆಸುವ ಚಿಪ್ ನಿಧಾನದ್ದು, ಪ್ರತಿ ಬೈಟಿಗೂ ಸುಮಾರು 10 ಮೈಕ್ರೊಸೆಕೆಂಡ್ ಕಾಯಿಸುತ್ತದೆ. ಆ ಕಾಯುವಿಕೆಯ ನಡುವೆಯೇ ಬೇರೇನಾದರೂ ಲೆಕ್ಕ ಮುಗಿಸಿಕೊಳ್ಳುವ ಕೋಡ್ ಬರೆದವರಿದ್ದಾರೆ. ಆ ಜಾಣ್ಮೆ ಕಂಡಾಗೆಲ್ಲ ನನಗೆ ಸಂತೋಷವಾಗುತ್ತದೆ.

ಬೂದು ಬಣ್ಣಕ್ಕೂ ಹೀಗೇ ಒಂದು ಉಪಾಯ. ಪರದೆಗೆ ಗೊತ್ತಿರುವುದು ಕಪ್ಪು ಮತ್ತು ಖಾಲಿ ಎರಡೇ. ಎರಡು ಬೇರೆ ಬೇರೆ ಚಿತ್ರಗಳನ್ನು ಬೇಗ ಬೇಗ ಅದಲುಬದಲು ಮಾಡಿ, ಒಂದನ್ನು ಇನ್ನೊಂದಕ್ಕಿಂತ ದುಪ್ಪಟ್ಟು ಹೊತ್ತು ನಿಲ್ಲಿಸಿದರೆ ಕಣ್ಣಿಗೆ ನಾಲ್ಕು ಛಾಯೆ ಕಾಣುತ್ತವೆ. ಎಲ್‌ಸಿಡಿ ಮಂದಗತಿಯದಾಗಿದ್ದೇ ಇಲ್ಲಿ ಅನುಕೂಲವಾಯಿತು. ಶಬ್ದ ಬೇಕೆಂದವರು ಕೇಬಲ್ ಪೋರ್ಟಿನಿಂದಲೇ ಹೆಡ್‌ಫೋನಿಗೆ ಸದ್ದು ಹೊರಡಿಸಿದರು.

ಯಂತ್ರದ ಈ ತಂತ್ರಗಳಿಗಿಂತ ಕಷ್ಟದ್ದು ಆಟದ ಅಳತೆ. ಎನ್‌ಇಎಸ್ ಮಾರಿಯೊದಲ್ಲಿ ಒಂದು ಇಟ್ಟಿಗೆ 16 × 16 ಪಿಕ್ಸೆಲ್, ಪರದೆಯ ಅಡ್ಡಕ್ಕೆ ಹದಿನಾರು ಇಟ್ಟಿಗೆ ಹಿಡಿಯುತ್ತವೆ. ಅದೇ ಗಾತ್ರ ಇಟ್ಟರೆ ಕ್ಯಾಲ್ಕ್ಯುಲೇಟರಿನಲ್ಲಿ ಆರು ಇಟ್ಟಿಗೆ ಅಗಲ, ನಾಲ್ಕು ಎತ್ತರ; ಜಿಗಿಯಲು ಆಕಾಶವೇ ಇರುವುದಿಲ್ಲ. 8 × 8ಕ್ಕೆ ಇಳಿಸಿದರೆ ಹನ್ನೆರಡಕ್ಕೆ ಎಂಟು. ಆಗಲೂ ಎದುರಿಂದ ಬರುವ ಶತ್ರು ಮೂಲ ಆಟಕ್ಕಿಂತ ತಡವಾಗಿ ಕಣ್ಣಿಗೆ ಬೀಳುತ್ತಾನೆ, ತಪ್ಪಿಸಿಕೊಳ್ಳಲು ಸಮಯ ಸಾಲುವುದಿಲ್ಲ. ಹಾಗಾಗಿ ಓಟದ ವೇಗ, ಜಿಗಿತದ ಎತ್ತರ, ಹೊಂಡಗಳ ಅಗಲ ಎಲ್ಲವನ್ನೂ ಮತ್ತೆ ತೂಗಿ ನೋಡಬೇಕು. ಎಂಟು ಚುಕ್ಕೆ ಎತ್ತರದ ಆಕೃತಿಯಲ್ಲಿ ಟೊಪ್ಪಿಗೆ, ಮೀಸೆ ಎರಡಕ್ಕೂ ಜಾಗವಿಲ್ಲ. ಯಾವುದನ್ನು ಬಿಟ್ಟರೂ ಅವನು ಮಾರಿಯೊ ಎಂದೇ ಗುರುತು ಸಿಗಬೇಕು. ಇದನ್ನು ನಕಲು ಎನ್ನಲು ನನಗೆ ಮನಸ್ಸಿಲ್ಲ. ಈ ಹುಡುಗರ ಕೈಯಲ್ಲಿ ಮೂಲದ ಕೋಡ್ ಇರಲಿಲ್ಲ. ಆಟ ಆಡಿ, ಗಮನಿಸಿ, ಅದರ ನಿಯಮಗಳನ್ನು ತಾವೇ ಕಂಡುಕೊಂಡು ಮೊದಲಿನಿಂದ ಬರೆದರು.

ಇನ್ನೊಂದು ದಾರಿ ಎಮ್ಯುಲೇಟರ್, ಅಂದರೆ ಕನ್ಸೋಲನ್ನೇ ಕ್ಯಾಲ್ಕ್ಯುಲೇಟರಿನೊಳಗೆ ಅನುಕರಿಸುವುದು. ಇದು ಸಾಧ್ಯವಾದದ್ದು ಪ್ರೊಸೆಸರುಗಳ ನೆಂಟಸ್ತಿಕೆಯಿಂದ. ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಸಾಧನವಾದ ಗೇಮ್ ಬಾಯ್‌ನ ಪ್ರೊಸೆಸರ್ ಝಡ್80ಯ ದಾಯಾದಿ. ಲೆಕ್ಕದ ನಡುವೆ ಅಂಕಿ ಇಟ್ಟುಕೊಳ್ಳುವ ಕೆಲವು ರಿಜಿಸ್ಟರುಗಳು ಇಲ್ಲ, ಕೆಲವು ಆಜ್ಞೆಗಳು ಬೇರೆ, ಉಳಿದದ್ದು ಬಹುಪಾಲು ಒಂದೇ. 2009ರಲ್ಲಿ ಬಂದ ಟಿಐ-ಬಾಯ್ ಎಂಬ ಎಮ್ಯುಲೇಟರ್ ಇದೇ ಹೋಲಿಕೆಯ ಮೇಲೆ ನಿಂತು, ನಿಜವಾದ ಗೇಮ್ ಬಾಯ್ ಆಟಗಳನ್ನು ಟಿಐ-84 ಪ್ಲಸ್‌ನಲ್ಲಿ ಓಡಿಸಿತು. ಟಿಐ-89ರಲ್ಲಿ ಇದ್ದದ್ದು ಸೆಗಾ ಕಂಪನಿಯ ಕನ್ಸೋಲ್ ಮೆಗಾ ಡ್ರೈವ್‌ನಲ್ಲೂ ಇದ್ದ ಮೊಟೊರೊಲಾ 68000 ಪ್ರೊಸೆಸರ್. ಅಲ್ಲಿ ನೆಂಟಸ್ತಿಕೆ ಅಷ್ಟು ಫಲ ಕೊಡಲಿಲ್ಲ, ಸೆಗಾ ಆಟಗಳು ಅದರ ಚಿತ್ರದ ಚಿಪ್ಪನ್ನೇ ನೆಚ್ಚಿದ್ದವು. 2007ರ ಟಿಐ-ಎನ್‌ಸ್ಪೈರ್‌ನ ಎಆರ್‌ಎಂ ಪ್ರೊಸೆಸರ್ ಗೇಮ್ ಬಾಯ್ ಅಡ್ವಾನ್ಸ್ ಕುಲದ್ದು. ಆದರೆ ಅದರಲ್ಲಿ ಟಿಐ ನೇರ ಕೋಡಿಗೆ ಅವಕಾಶವನ್ನೇ ಇಟ್ಟಿರಲಿಲ್ಲ. 2010ರಲ್ಲಿ ಎನ್‌ಡ್‌ಲೆಸ್ ಎಂಬ ಜೈಲ್‌ಬ್ರೇಕ್ (ಕಂಪನಿ ಹಾಕಿದ ಬೀಗ ಮುರಿಯುವ ಪ್ರೋಗ್ರಾಮ್) ಆ ಅಡ್ಡಿಯನ್ನು ಒಡೆಯಿತು, ಟಿಐ ಪ್ರತಿ ಹೊಸ ಆವೃತ್ತಿಯಲ್ಲೂ ಮುಚ್ಚಲು ನೋಡಿತು.

ಕಂಪನಿಯ ಧೋರಣೆ ಬಿಗಿಯಾಗತೊಡಗಿದ್ದು 2009ರಲ್ಲೇ ಕಂಡಿತ್ತು. ಟಿಐ-83 ಪ್ಲಸ್‌ನ ಆಪರೇಟಿಂಗ್ ಸಿಸ್ಟಂ ಕಂಪನಿಯದೇ ಎಂದು ಡಿಜಿಟಲ್ ಸಹಿ ಹಾಕುವ 512 ಬಿಟ್‌ನ ಕೀಲಿಯನ್ನು ಹವ್ಯಾಸಿಯೊಬ್ಬರು ಮನೆಯ ಕಂಪ್ಯೂಟರಿನಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಲೆಕ್ಕ ಹಾಕಿ ಭೇದಿಸಿದರು. ಆಟಕ್ಕೆ ಆ ಕೀಲಿ ಬೇಕಿರಲಿಲ್ಲ. ತಮ್ಮದೇ ಆಪರೇಟಿಂಗ್ ಸಿಸ್ಟಂ ತುಂಬಲು ಬೇಕಿತ್ತು. ಕೀಲಿ ಪ್ರಕಟಿಸಿದವರಿಗೆ ಟಿಐ ಕೃತಿಸ್ವಾಮ್ಯ ಕಾನೂನಿನ ನೋಟಿಸು ಕಳಿಸಿತು. ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್‌ಎಫ್ ನೋಟಿಸು ಪಡೆದವರ ಪರ ನಿಂತಿತು, ಅಷ್ಟರಲ್ಲಿ ಕೀಲಿ ಎಲ್ಲೆಡೆ ಹರಡಿಯಾಗಿತ್ತು.

2015ರ ಟಿಐ-84 ಪ್ಲಸ್ ಸಿಇ ಹೊತ್ತಿಗೆ ಪರದೆಗೆ ಬಣ್ಣ ಬಂದಿತ್ತು, 320 × 240. ಪ್ರೊಸೆಸರ್ 48 ಮೆಗಾಹರ್ಟ್ಸಿನ ಇಝಡ್80. ಹವ್ಯಾಸಿಗಳು ಸಿ ಭಾಷೆಯಲ್ಲಿ ಬರೆಯುವ ಸಲಕರಣೆ ಕಟ್ಟಿಕೊಂಡರು. ಮಾರಿಯೊ ಮಾದರಿಯ ‘ಓಯಿರಾಮ್’ ಬಂತು. ಗೇಮ್ ಬಾಯ್ ಚಿತ್ರವನ್ನು ಒಂದೂವರೆ ಪಟ್ಟು ಹಿಗ್ಗಿಸಿದರೂ ಈ ಪರದೆಯಲ್ಲಿ ಜಾಗ ಮಿಕ್ಕುತ್ತದೆ. ಯಂತ್ರ ಇಷ್ಟು ಹದಕ್ಕೆ ಬಂದಾಗಲೇ ಪರೀಕ್ಷೆ ಅಡ್ಡ ಬಂತು. ಫ್ರಾನ್ಸಿನಲ್ಲಿ ಹೈಸ್ಕೂಲು ಮುಗಿಸುವಾಗ ಬರೆಯುವ ಬಾಕ್ ಪರೀಕ್ಷೆಗಾಗಿ ಕ್ಯಾಲ್ಕ್ಯುಲೇಟರುಗಳಲ್ಲಿ ಪರೀಕ್ಷಾ ಮೋಡ್ ಇದೆ: ಎಲ್‌ಇಡಿ ಮಿನುಗುತ್ತದೆ, ಮೊದಲೇ ತುಂಬಿಟ್ಟದ್ದು ಕೈಗೆ ಸಿಗುವುದಿಲ್ಲ. ಅದನ್ನು ತಪ್ಪಿಸುವ ಬಗೆಯನ್ನು ತೋರಿಸುವ ವಿಡಿಯೋ ಹೊರಬಂದ ಮೇಲೆ, 2020ರಲ್ಲಿ ಟಿಐ ಹೊಸ ಆವೃತ್ತಿಗಳಿಂದ ಅಸೆಂಬ್ಲಿಯನ್ನೂ ಸಿಯನ್ನೂ ಪೂರ್ತಿ ಕಿತ್ತುಹಾಕಿತು. ಅಮೆರಿಕದ ಮಾದರಿಗಳಿಂದಲೂ.

ಪರೀಕ್ಷೆಯಲ್ಲಿ ನಕಲು ತಡೆಯಬೇಕೆಂಬ ಕಾಳಜಿ ನ್ಯಾಯವಾದದ್ದೇ. ಆದರೆ ಪರೀಕ್ಷಾ ಮೋಡನ್ನು ಗಟ್ಟಿ ಮಾಡುವ ಬದಲು ವರ್ಷವಿಡೀ ಎಲ್ಲರ ಕ್ಯಾಲ್ಕ್ಯುಲೇಟರಿನಿಂದಲೂ ಒಂದು ಸಾಮರ್ಥ್ಯವನ್ನು ತೆಗೆದದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಬದಲಿಗೆ ಕೊಡುತ್ತಿರುವ ಪೈಥಾನ್ ಕಲಿಕೆಗೆ ಒಳ್ಳೆಯದು, ವೇಗದ ಆಟಕ್ಕೆ ಆಗದು. ಅದೇ 2020ರಲ್ಲಿ ಬಂದ ಆರ್ಟಿಫೈಸ್ ಎಂಬ ಜೈಲ್‌ಬ್ರೇಕ್ ಕ್ಯಾಲ್ಕ್ಯುಲೇಟರಿನದೇ ರೇಖಾಗಣಿತದ ಆ್ಯಪ್ ‘ಕ್ಯಾಬ್ರಿ ಜೂನಿಯರ್’ನೊಳಗಿನ ಲೋಪವೊಂದನ್ನು ಹಿಡಿದು ಮತ್ತೆ ದಾರಿ ಮಾಡಿಕೊಟ್ಟಿತು. ಟಿಐ ಆ ಆ್ಯಪ್ಪನ್ನೂ ತಿದ್ದಿತು. ಹಳೆಯ ಆವೃತ್ತಿಯ ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡಿರುವವರು ಈಗ ಅಪ್‌ಡೇಟ್ ಮಾಡುವ ಮೊದಲು ಎರಡು ಸಲ ಯೋಚಿಸುತ್ತಾರೆ.